ನೆಲಗಿವಿ ಕೇಳಿದ ಮಾತು

ಗೋಡೆಗೂ ಕಿವಿ ಇರುತ್ತದೆ ಎಂದು ಎಲ್ಲ ಊರಿನವರೂ ಹೇಳುತ್ತಾರೆ. ಕಗ್ಗಲಿದೊಡ್ಡಿಯವರು ನೆಲಕ್ಕೇ ಕಿವಿ ಇಟ್ಟರು. ಮೊಳದುದ್ದದ, ಒನಕೆ ದಪ್ಪದ ಕೊಳವೆ, ಅಲ್ಲಲ್ಲಿ ಒಂದೊಂದು. ಎದೆಮಟ್ಟದ ಗುಂಡಿ ತೋಡಿ ಹೂತು ಮಣ್ಣು ಮುಚ್ಚಿದರೆ ಗುರುತಿಗೊಂದು ಕಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದನ್ನು ಮಾಡಿದ ವಿಜ್ಞಾನಿಗಳು ಬಾಯಿಗೆ ಸಿಗದ ಹೆಸರೊಂದನ್ನು ಇಟ್ಟಿದ್ದರು, ಊರಿನವರು ನೆಲಗಿವಿ ಅಂದುಬಿಟ್ಟರು. ಹೆಸರಿಡುವುದರಲ್ಲಿ ಆ ಊರಿನವರನ್ನು ಮೀರಿಸುವವರಿಲ್ಲ. ಮುಂದೆ ಆದ ಅನಾಹುತವೂ ಹೆಸರಿಟ್ಟದ್ದರಿಂದಲೇ ಆಯಿತು.

ಆನೆ ಘೀಳಿಡುವುದನ್ನು ಎಲ್ಲರೂ ಕೇಳಿದ್ದಾರೆ. ಅದು ಆನೆಯ ಕಿರುಚಾಟ ಮಾತ್ರ. ಅದರ ನಿಜವಾದ ಮಾತುಕತೆ ನಡೆಯುವುದು ಮನುಷ್ಯನ ಕಿವಿಗೆ ಎಟುಕದಷ್ಟು ತಗ್ಗಿನ ಗುಡುಗಿನಲ್ಲಿ. ಆ ಗುಡುಗು ಗಾಳಿಯಲ್ಲಿ ಹೋಗುವಂತೆ ಮಣ್ಣಿನಲ್ಲೂ ಹೋಗುತ್ತದೆ, ದೂರದಲ್ಲಿರುವ ಇನ್ನೊಂದು ಆನೆ ಅದನ್ನು ಅಂಗಾಲಿನಿಂದ ಕೇಳಿಸಿಕೊಳ್ಳುತ್ತದೆ. ನೆಲಗಿವಿ ಕೇಳುತ್ತಿದ್ದದ್ದೂ ಅದನ್ನೇ. ಕೇಳಿದ್ದನ್ನು ಅದು ಊರಿನ ಹಳೆಯ ಹುಳುಮನೆಗೆ, ಅಂದರೆ ಒಂದು ಕಾಲಕ್ಕೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಕೋಣೆಗೆ ಕಳಿಸುತ್ತಿತ್ತು. ಅಲ್ಲಿದ್ದ ಯಂತ್ರ ಸದ್ದಿನ ಅರ್ಥ ಬಿಡಿಸಿ ಊರಿನ ಎಲ್ಲ ಫೋನುಗಳಿಗೂ ಸುದ್ದಿ ಕೊಡುತ್ತಿತ್ತು. ಆನೆಗಳು ದಾಟುವ ಹೆದ್ದಾರಿಯಲ್ಲಿ ಡ್ರೈವರಿಲ್ಲದೆ ಓಡುವ ಲಾರಿಗಳನ್ನು ನಿಲ್ಲಿಸುತ್ತಿದ್ದದ್ದೂ ಅದೇ.

ಕಗ್ಗಲಿದೊಡ್ಡಿ ಇರುವುದು ಎರಡು ಗುಡ್ಡಗಳ ನಡುವೆ, ಹಳೆಯ ಆನೆದಾರಿಯ ಎದೆಯ ಮೇಲೆ. ತಲೆಮಾರುಗಳಿಂದ ಆನೆಯೂ ಅವರೂ ಒಬ್ಬರನ್ನೊಬ್ಬರು ಅಟ್ಟಾಡಿಸಿಕೊಂಡು ಬಂದಿದ್ದರು. ಎಂಟು ವರ್ಷದ ಹಿಂದೆ ನಲವತ್ತೆರಡು ಮನೆಯವರು ಸೇರಿ ಸಂಘ ಕಟ್ಟಿದರು. ಪ್ರತಿ ಮನೆಯವರೂ ಹೊಲದ ಒಂದು ಪಟ್ಟಿ ಬಿಟ್ಟುಕೊಟ್ಟು, ಲಂಟಾನ ಕಿತ್ತು, ಬಿದಿರು, ಬೇಲ, ಅತ್ತಿ, ಕಗ್ಗಲಿ ನೆಟ್ಟು, ನಡುವೆ ಹೂಳು ತುಂಬಿದ್ದ ಕಟ್ಟೆಯನ್ನು ತೋಡಿ, ಗುಡ್ಡದಿಂದ ಗುಡ್ಡಕ್ಕೆ ಕಾಡು ಬೆಳೆಸಿದರು. ಸರ್ಕಾರ ಹೇಳಿ ಮಾಡಿಸಿದ್ದಲ್ಲ. ಎಲ್ಲರ ಮನೆ ಬಾಗಿಲಿಗೂ ಹೋಗಿ ಮಾಡಿಸಿದವಳು ಚಿಕ್ಕತಾಯಮ್ಮ. ಅವಳು ಸೋತದ್ದು ಒಂದೇ ಬಾಗಿಲಲ್ಲಿ, ತನ್ನ ಮನೆಯದರಲ್ಲಿ.

"ಆನೆಗ ದಾರಿ ಬುಡವ್ರು ನಾವಾ? ದಾರಿ ಬುಡು ಸ್ವಾಮಿ ಅಂತ ಆನೆನ ಬೇಡ್ಕಬೇಕು ಕನಮ್ಮಿ," ಎಂದು ಅವಳ ಗಂಡ ಜವರಯ್ಯ ನಗಾಡಿದ. "ಎರ್ಡೆಕ್ರ ಜ್ವಾಳದ ಹೊಲ ಬುಟ್ಟು ನಾಳ ನಾನೇನ್ ಬಿದುರೆಲ ತಿನ್ಲಾ?"

ಎರಡು ತಿಂಗಳು ಅವಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಅವನೇ ಗುದ್ದಲಿ ಎತ್ತಿಕೊಂಡು ಹೊರಟ. ಬೇಡ ಎಂದವನೇ ಎಲ್ಲರಿಗಿಂತ ಹೆಚ್ಚು ಗಿಡ ನೆಟ್ಟ. ಕಾಲುದಾರಿ ತಿರುಗುವಲ್ಲಿ ಅವನು ಊರಿದ ಅತ್ತಿಯ ಕೊಂಬೆ ಮರವಾಗಿ, ಆ ದಾರಿಗೆ ಅತ್ತಿಮರದ ದಾರಿ ಎಂದೇ ಹೆಸರಾಯಿತು. ಮರದ ಬುಡ ದಾಟುವಾಗೆಲ್ಲ ಅವನು ಅದರ ಬೆನ್ನು ತಟ್ಟಿ ಹೋಗುತ್ತಿದ್ದ. ಚಿಕ್ಕತಾಯಮ್ಮ ನೋಡದ ಹಾಗೆ ಇರುತ್ತಿದ್ದಳು. ಒಳಗೊಳಗೇ ಅವಳಿಗೆ ಹಿಗ್ಗು.

ನೆಲಗಿವಿ ಬಂದದ್ದು ಕಾಡು ಬೆಳೆದು ಮೂರನೆಯ ವರ್ಷ. ತಂದವಳು ಗದಗಿನ ಕಡೆಯ ಡಾಕ್ಟರ್ ಮಂದಾಕಿನಿ, ಆನೆಯ ಸದ್ದನ್ನೇ ಓದಿ ಡಾಕ್ಟರಾದವಳು. ಯಂತ್ರಕ್ಕೆ ಸದ್ದು ಕೇಳಿಸುತ್ತದೆ, ಅರ್ಥ ಗೊತ್ತಿಲ್ಲ. ಯಾವ ಸದ್ದು ಏನು ಎಂದು ಮೊದಲು ಯಾರಾದರೂ ಹೇಳಿಕೊಡಬೇಕು, ಮಗುವಿಗೆ ಹೇಳಿಕೊಟ್ಟ ಹಾಗೆ. ಆಗ ಸಂಘದ ಸಭೆಯಲ್ಲಿ ಎದ್ದು ನಿಂತು ಚಿಕ್ಕತಾಯಮ್ಮ ಒಂದು ಷರತ್ತು ಹಾಕಿದಳು.

"ಹೆಸ್ರು ಹೇಳಾದು ನಾವು. ನಾವ್ ಇಟ್ಟ ಹೆಸ್ರ ನಾವೇ ತಿದ್ದಬೇಕು, ಆಚ್ಕಡಿಂದ ಯಾವ್ ಬುದ್ಧಿವಂತ್ರೂ ಬಂದು ತಿದ್ದಂಗಿಲ್ಲ. ಯಾರ್ ಇಟ್ರೋ ಅವ್ರ ಬಾಯಿಂದ್ಲೇ ಆಗ್ಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಘದ ಅಧ್ಯಕ್ಷ ಪುಟ್ಟಬುದ್ಧಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದ, ಮಂದಾಕಿನಿ ಯಂತ್ರದಲ್ಲೂ ಹಾಗೇ ಕೂರಿಸಿದಳು. ಹೆಸರಿಟ್ಟವರ ದನಿ ಕೇಳದೆ ಯಂತ್ರ ಹೆಸರು ಬದಲಿಸುತ್ತಿರಲಿಲ್ಲ.

ಮೂರು ತಿಂಗಳು ಹುಳುಮನೆಯಲ್ಲಿ ಹೆಸರಿಡುವ ಕೆಲಸ ನಡೆಯಿತು. ಗುಡುಗನ್ನು ವೇಗ ಹೆಚ್ಚಿಸಿ ಕೇಳಿಸಿದರೆ ಕಿವಿಗೆ ಸಿಗುತ್ತಿತ್ತು. ಚಿಕ್ಕತಾಯಮ್ಮನಿಗೆ ಅದು ಹೊಸದೇನಲ್ಲ. ಮೂವತ್ತು ವರ್ಷ ಹೊಲದ ಅಟ್ಟಣೆಯ ಮೇಲೆ ಕಾವಲು ಕೂತವಳು, ಆನೆ ಮಾತಾಡಿದಾಗ ಹಲಗೆ ಅಂಗಾಲಿಗೆ ಜುಮ್ಮೆನ್ನುವುದು ಅವಳಿಗೆ ಗೊತ್ತಿತ್ತು. ಉಳಿದವರು ತಲೆ ಕೆರೆದುಕೊಂಡರೆ ಅವಳು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದಳು: ಇದು ಮರಿಯನ್ನು ಗದರಿದ್ದು, ಇದು ನೀರು ಸಿಕ್ಕಿದ್ದು, ಇದು ಹೆದರಿದ್ದು.

ಒಂದು ಮಧ್ಯಾಹ್ನ ಉದ್ದನೆಯ ಒಂದು ಗುಡುಗು ಬಂತು. ಶುರುವಿನಲ್ಲಿ ಮೆಲ್ಲಗೆ, ಆಮೇಲೆ ಏರಿ, ಕೊನೆಗೆ ಎರಡು ಸಲ ತಡೆದು ನಿಂತಿತು. ಹಿಂಡಿನ ಯಜಮಾನಿ, ಊರಿನವರು ಹರಕಿವಿ ಎಂದು ಕರೆಯುವ ಮುದಿ ಹೆಣ್ಣಾನೆಯದು. ಚಿಕ್ಕತಾಯಮ್ಮ ಕಣ್ಣು ಮುಚ್ಚಿಯೇ ನಕ್ಕಳು.

"ಹರ್ಕಿವಿ ಅವ್ವ ಹೇಳ್ತಾವ್ಳ. ಬತ್ತೀವಿ ಅಂತಾವ್ಳ."

"ಯಾರಿಗ್ರಿ?" ಎಂದು ಮಂದಾಕಿನಿ ಕೇಳಿದಳು.

"ಎಲ್ರಿಗೂ ಕನವ್ವ. ಕಾಡ್ಗ, ಮರಕ್ಕ, ನಮ್ಗ."

ಯಂತ್ರ ಆ ದನಿಯನ್ನು ಹಿಡಿದು ಪರದೆಯ ಮೇಲೆ 'ಒಣಗುತ್ತೇವೆ' ಎಂದು ಮೂಡಿಸಿತು. ಕೆರೆ ಬತ್ತುವ ಬತ್ತು ಅದಕ್ಕೆ ಗೊತ್ತಿತ್ತು, ಚಾಮರಾಜನಗರ ಕಡೆಯ ಬತ್ತು ಗೊತ್ತಿರಲಿಲ್ಲ. ಹುಳುಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮಂದಾಕಿನಿ ಕಣ್ಣೊರೆಸಿಕೊಂಡು, "ತಡೀರಿ, ಇದಕ್ಕ ನಿಮ್ಮ ಭಾಷಾ ಕಲಿಸ್ತೀನಿ" ಎಂದು ತಿದ್ದಿ 'ಬರುತ್ತೇವೆ' ಎಂದು ಮಾಡಿದಳು. ಚಿಕ್ಕತಾಯಮ್ಮ ಒಪ್ಪಿ ಇನ್ನೊಮ್ಮೆ ದನಿ ಕೊಟ್ಟಳು. ಸಣ್ಣ ತಪ್ಪನ್ನು ಹಿಡಿದ ಖುಷಿಯಲ್ಲಿ ದೊಡ್ಡದೊಂದು ಅದರ ಬೆನ್ನ ಹಿಂದೆಯೇ ಒಳಗೆ ಹೊಕ್ಕದ್ದನ್ನು ಯಾರೂ ನೋಡಲಿಲ್ಲ.

ನೋಡುವುದಾದರೂ ಹೇಗೆ? ಯಂತ್ರ ಐದು ವರ್ಷ ಒಂದು ದಿನವೂ ತಪ್ಪಲಿಲ್ಲ. ಗುಡ್ಡದಂಚಿನ ನೆಲಗಿವಿಗೆ ಆ ಗುಡುಗು ಕೇಳಿದರೆ 'ಆನೆಗಳು ಬರುತ್ತಿವೆ' ಎಂದು ಫೋನಿಗೆ ಸುದ್ದಿ. ಸ್ವಲ್ಪ ಹೊತ್ತಿಗೆ ಹಿಂಡು ನಿಜವಾಗಿಯೂ ಬರುತ್ತಿತ್ತು, ನಿಂತ ಲಾರಿಗಳ ಮುಂದೆ ಹೆದ್ದಾರಿ ದಾಟಿ ಆಚೆ ಗುಡ್ಡ ಸೇರುತ್ತಿತ್ತು. ಐದು ವರ್ಷದಲ್ಲಿ ಒಂದು ಬೆಳೆ ಹಾಳಾಗಲಿಲ್ಲ, ಒಬ್ಬರಿಗೆ ಗಾಯವಾಗಲಿಲ್ಲ. ದೂರದೂರದ ಊರುಗಳಿಂದ ಜನ ಬಂದು ನೋಡಿ ಹೋದರು. ಬಂದವರಿಗೆಲ್ಲ ಜವರಯ್ಯ ತನ್ನ ಅತ್ತಿಮರ ತೋರಿಸುತ್ತಿದ್ದ, ಸಂಘ ಕಟ್ಟಿದ್ದೇ ತಾನು ಎನ್ನುವ ಹಾಗೆ.

ಆ ಸಲದ ಬೇಸಿಗೆಯಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಕಾಡು ಚೆನ್ನಾಗಿ ಬೆಳೆದಿತ್ತು, ಅಷ್ಟೇ. ಬಿದಿರು ತಲೆ ಮೇಲೆ ಕೂಡಿತ್ತು, ಕಟ್ಟೆಯಲ್ಲಿ ನೀರಿತ್ತು, ಅತ್ತಿ ಮೊದಲ ಸಲ ಮೈತುಂಬ ಹಣ್ಣು ಬಿಟ್ಟಿತ್ತು. ಎಂಟು ವರ್ಷ ಬರೀ ಹಾದುಹೋಗುತ್ತಿದ್ದ ಹಿಂಡು ಒಂದು ಬೆಳಿಗ್ಗೆ ಹಾದುಹೋಗಲಿಲ್ಲ. ಕಟ್ಟೆಯ ಪಕ್ಕದ ಬಿದಿರಿನ ನೆರಳಲ್ಲಿ ಸದ್ದಿಲ್ಲದೆ ನಿಂತುಬಿಟ್ಟಿತು. ಯಾವತ್ತಿನ ಹಾಗೆ ಆಚೆ ಗುಡ್ಡ ಸೇರಿರಬೇಕು ಎಂದು ಯಂತ್ರ ಲೆಕ್ಕ ಹಾಕಿಕೊಂಡಿತು. ಕಾಡು ಗೆದ್ದ ದಿನ ಅದು. ಗೆದ್ದದ್ದೇ ಮುಳುವಾಯಿತು.

ಇಳಿಹೊತ್ತು ನಾಲ್ಕು ಗಂಟೆಗೆ ಜವರಯ್ಯ ರಾಗಿ ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ಮಿಲ್ಲಿಗೆ ಹೊರಟ. ಕಟ್ಟೆಯ ಏರಿ ಮೇಲೆ ಹೋದರೆ ಹತ್ತಿರ, ಅತ್ತಿಮರದ ದಾರಿ ಸುತ್ತು. ಅವನು ಹೊಸಿಲು ದಾಟುವಾಗ ಚಿಕ್ಕತಾಯಮ್ಮನ ಫೋನು ಗುಂಯ್ ಎಂದಿತು. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದಳು. 'ಆನೆಗಳು ಕಟ್ಟೆಗೆ ಬರುತ್ತಿವೆ. ಕಟ್ಟೆಯ ಕಡೆ ಹೋಗಬೇಡಿ. ಅತ್ತಿಮರದ ದಾರಿ ಸುರಕ್ಷಿತ.'

"ಇಲ್ಲಿ ಕೇಳಿ ಇಲ್ಲಿ. ಏರಿ ಮ್ಯಾಲ ಹೋಗ್ಬ್ಯಾಡಿ, ಅತ್ತಿಮರದ ದಾರೀಲಿ ಹೋಗಿ."

"ಈ ಮೂಟ ಹೊತ್ಕಂಡು ಸುತ್ತಾಕ್ಕಂಡು ಹೋಗಾನಾ?"

"ಯಂತ್ರ ಹೇಳ್ತಾ ಅದ."

"ಯಂತ್ರ ಹೇಳದ ಮ್ಯಾಲ ಮುಗೀತು. ಈ ಮನಲಿ ನನ್ ಮಾತು ಯಾವತ್ತು ನಡ್ದದು," ಎಂದು ಜವರಯ್ಯ ನಕ್ಕು, ಮೂಟೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. "ಬತ್ತೀನಿ ಕನಮ್ಮಿ."

"ಹೂಂ, ಬನ್ನಿ," ಎಂದು ಅವಳು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ಅವನು ಸಿಕ್ಕಿದ್ದು ತನ್ನ ಅತ್ತಿಮರದ ಬುಡದಲ್ಲೇ. ತಿರುವಿನಲ್ಲಿ ಹಿಂಡಿಗೆ ಎದುರಾಗಿದ್ದ. ಮರಿ ಜೊತೆಗಿತ್ತು, ಹಿಂದಕ್ಕೆ ಓಡಲು ಮೂಟೆ ಬಿಡಲಿಲ್ಲ. ಮೂಟೆ ಹರಿದು ದಾರಿಯುದ್ದ ರಾಗಿ ಚೆಲ್ಲಿತ್ತು. ಆನೆಗಳು ಅದರಲ್ಲಿ ಒಂದು ಕಾಳನ್ನೂ ಮುಟ್ಟಿರಲಿಲ್ಲ. ಜವರಯ್ಯನ ಮೈಮೇಲೆ ಎಲೆಯಿದ್ದ ಅತ್ತಿಯ ಕೊಂಬೆಗಳನ್ನು ಮುರಿದು ಮುರಿದು ಹೊದಿಸಿದ್ದವು. ಕೊಂದದ್ದೂ ಅವೇ, ಮುಚ್ಚಿದ್ದೂ ಅವೇ. ಚಿಕ್ಕತಾಯಮ್ಮನಿಗೆ ಎದೆ ಬಡಿದುಕೊಂಡು ಬೈಯುವುದಕ್ಕೂ ಯಾರೂ ಸಿಗಲಿಲ್ಲ.

ಮಣ್ಣು ಮಾಡಿ ಬಂದ ಸಂಜೆಯೇ ಊರಲ್ಲಿ ಕೊಡಲಿ ಮಸೆಯುವ ಸದ್ದು ಶುರುವಾಯಿತು. ನೆಲಗಿವಿ ಸುಳ್ಳು ಹೇಳಿದೆ, ಸುಳ್ಳು ಹೇಳುವ ಯಂತ್ರವನ್ನು ನಂಬಿ ಮಕ್ಕಳುಮರಿ ಕಟ್ಟಿಕೊಂಡು ಆನೆಯ ನಡುವೆ ಬಾಳುವುದು ಹೇಗೆ? ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪುಟ್ಟಬುದ್ಧಿ ಕೈಮುಗಿದು ಹನ್ನೊಂದನೆಯ ದಿನದ ತಿಥಿವರೆಗೆ ತಡೆದ. ಅಷ್ಟರಲ್ಲಿ ಯಂತ್ರ ಯಾಕೆ ತಪ್ಪಿತು ಎಂದು ಗೊತ್ತಾಗಿ ಸರಿಹೋಗಬೇಕು, ಇಲ್ಲವಾದರೆ ಗುಡ್ಡದಿಂದ ಗುಡ್ಡಕ್ಕೆ ಒಂದು ಮರವೂ ಉಳಿಯುವುದಿಲ್ಲ. ಅಲ್ಲಿವರೆಗೆ ಯಂತ್ರ ಬಂದ್.

ಐದನೆಯ ದಿನ ಮಂದಾಕಿನಿ ಬಂದಳು. ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿತ್ತು. ಚಾಪೆಯ ತುದಿಯಲ್ಲಿ ಕೂತು ತಲೆ ಬಗ್ಗಿಸಿ ಹೇಳಿದಳು:

"ಎಲ್ಲಾ ಬಿಚ್ಚಿ ನೋಡಿದೆ ಅವ್ವಾರ. ಕಟ್ಟಿ ಹತ್ರದ ಕಿವಿ ಕೆಟ್ಟಿಲ್ರಿ. ಅದಕ್ಕ ಕೇಳಿದ್ದು 'ಬರುತ್ತೇವೆ' ಅನ್ನೋ ಸದ್ದೇ. ಸಂಶಯನೇ ಇಲ್ಲ. ಹಂಗಂದಿದ್ದು ಹೌದು, ಆದ್ರ ಅವು ಕಟ್ಟಿಗೆ ಬರಲಿಲ್ಲ, ಕಟ್ಟಿ ಬಿಟ್ಟು ಹೋದ್ವು. ಆನಿ ಯಾಕ ಸುಳ್ಳು ಹೇಳ್ತಾವ್ರಿ?"

ಚಿಕ್ಕತಾಯಮ್ಮ ಗೋಡೆಗೆ ಒರಗಿಕೊಂಡಳು. ಅವಳಿಗೆ ಆನೆಯ ಸುದ್ದಿಯೇ ಬೇಡವಾಗಿತ್ತು. ಮಂದಾಕಿನಿ ಎದ್ದಳು, ಸೆರಗು ಸರಿ ಮಾಡಿಕೊಂಡು, ಬಾಯಿ ರೂಢಿಯಲ್ಲಿ ಅಂದುಬಿಟ್ಟಳು: "ಬರ್ತೀನ್ರಿ ಅವ್ವಾರ."

ಅಂದವಳೇ ನಾಲಗೆ ಕಚ್ಚಿಕೊಂಡಳು. ಗದಗಾಗಲಿ ಕಗ್ಗಲಿದೊಡ್ಡಿಯಾಗಲಿ, ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಎನ್ನುವ ಹಾಗಿಲ್ಲ. ಸುಮ್ಮನೆ ಎದ್ದು ಹೋಗಬೇಕು.

"ತಪ್ಪಾತ್ರಿ..."

"ಏನಂದ್ರಿ ಈಗ?" ಚಿಕ್ಕತಾಯಮ್ಮ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು. "ಇನ್ನೊಂದ್ಸಲ ಅನ್ನಿ."

"ಬರ್ತೀನಿ ಅಂದೆ, ಬಾಯಿ ತಪ್ಪಿ..."

"ಈಗ ನೀವು ಬತ್ತಾ ಇದ್ದೀರೋ, ಹೋಯ್ತಾ ಇದ್ದೀರೋ?"

ಮಂದಾಕಿನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹೋಗುವವರು ಹೋಗ್ತೀನಿ ಎನ್ನಬಾರದು, ಅಂದರೆ ಅಪಶಕುನ, ಬರ್ತೀನಿ ಎನ್ನಬೇಕು ಎಂದು ಅವಳ ತಾಯಿಯೂ ಕಲಿಸಿದ್ದಳು. ಹೊರಡುವ ಆನೆಯ ಬಾಯಿಗೂ ಚಿಕ್ಕತಾಯಮ್ಮ ಅದೇ ಮರ್ಯಾದೆಯ ಮಾತನ್ನು ಇಟ್ಟಿದ್ದಳು. ಕಾಡಿಗೆ, ಮರಕ್ಕೆ ಹೇಳಿ ಹೊರಡುವ ಮಾತು. ಗುಡ್ಡದಂಚಿನಲ್ಲಿ ಅದು ನಡೆಯಿತು, ಯಾಕೆಂದರೆ ಗುಡ್ಡ ಬಿಟ್ಟು ಹೊರಡುವ ಆನೆ ಊರಿನ ಕಡೆಗೇ ಬರುತ್ತದೆ. ಕಟ್ಟೆಯ ಬಳಿ ನಡೆಯಲಿಲ್ಲ. ಐದು ವರ್ಷ ನೂರಾರು ಜನ ನೋಡಿದ್ದರು, ಅವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಅವರೆಲ್ಲ ಕನ್ನಡದವರು. ಆ ಮಾತನ್ನು ಅಕ್ಷರ ಹಿಡಿದು ಕೇಳಿಸಿಕೊಂಡದ್ದು ಯಂತ್ರವೊಂದೇ.

"ತಪ್ಪು ನಂದ್ರಿ. ನಾ ಕೇಳಬೇಕಿತ್ತು," ಎಂದು ಮಂದಾಕಿನಿ ಅತ್ತಳು. "ಕೊಳವಿ ಕೆಟ್ಟಿತ್ತು ಅಂತ ಹೇಳ್ತೀನ್ರಿ ಸಭಾದಾಗ. ನಿಮ್ಮ ಹೆಸರು ಬ್ಯಾಡ."

"ಕೊಳವ ಕೆಟ್ಟಿಲ್ವಲ್ಲ," ಎಂದಳು ಚಿಕ್ಕತಾಯಮ್ಮ. "ಕೆಟ್ಟದ ಅಂದ್ರ ಕಿತ್ತಾಕ್ತರ. ಕಿವಿ ಕಿತ್ತಾಕದ್ ಮ್ಯಾಲ ಮರನೂ ಕಡೀತರ. ನಮ್ಮನೆವ್ರು ನೆಟ್ಟ ಮರ."

ಸೂತಕದವಳು ಸಭೆಗೆ ಬರುವಂತಿಲ್ಲ. ಅವಳು ಬಂದಳು. ನಿಂತುಕೊಂಡೇ ಎಲ್ಲ ಹೇಳಿದಳು. ಆನೆ ಸುಳ್ಳು ಹೇಳಿಲ್ಲ, ಯಂತ್ರ ಸುಳ್ಳು ಹೇಳಿಲ್ಲ, ಹೆಸರು ತಪ್ಪಿಟ್ಟದ್ದು ನಾನು, ಆ ದಾರಿಯಲ್ಲಿ ಹೋಗಿ ಎಂದು ಕಳಿಸಿದ್ದೂ ನಾನು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗಿತ್ತು.

"ನಾವಾದ್ರೂ ಇನ್ನೇನಂತಿದ್ದೊ?" ಎಂದು ಕೊನೆಗೆ ಪುಟ್ಟಬುದ್ಧಿ ಅಂದ. "ಎಲ್ರೂ ಬತ್ತೀವಿ ಅಂತ್ಲೇ ಅಂತಿದ್ದದ್ದು. ತಿದ್ದಾಕ್ಬುಡವ್ವ. ತಿದ್ದುದ್ರ ಮರ ಉಳೀತವ."

ಆ ದಿನದಿಂದ ಊರಿನಲ್ಲಿ ಒಂದು ವಿಚಿತ್ರವಾಯಿತು. ಕಗ್ಗಲಿದೊಡ್ಡಿಯವರ ನಾಲಗೆಯಿಂದ ಆ ಮಾತು ಬಿದ್ದುಹೋಯಿತು. ಬಸ್ಸು ಹತ್ತುವವರು, ಹೊಲಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಬಾಯಿ ತೆರೆದು, ಏನೂ ಅನ್ನದೆ ತಲೆಯಾಡಿಸಿ ಹೋಗುತ್ತಿದ್ದರು. ಇಡೀ ಊರೇ ಸಾವಿನ ಮನೆಯ ಹಾಗೆ ಆಗಿಬಿಟ್ಟಿತ್ತು.

ತಿದ್ದುವುದು ಒಂದು ನಿಮಿಷದ ಕೆಲಸ. ಆದರೆ ಚಿಕ್ಕತಾಯಮ್ಮ ಹುಳುಮನೆಗೆ ಬರಲಿಲ್ಲ. ಬೇರೆ ಯಾರ ದನಿಗೂ ಯಂತ್ರ ಜಗ್ಗುವಂತಿರಲಿಲ್ಲ, ಆ ಬೀಗ ಹಾಕಿಸಿದವಳು ಅವಳೇ. ಜವರಯ್ಯ ಕೊನೆಗೆ ಅಂದ ಮಾತು ಬತ್ತೀನಿ ಕನಮ್ಮಿ. ಆ ಮಾತಿಗೆ ಹೋಗುವುದು ಎಂದರ್ಥ ಎಂದು ತನ್ನ ಬಾಯಾರೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ಆ ಬಾಗಿಲ ಕಡೆ ನೋಡುತ್ತ ಕೂರುವುದಕ್ಕೆ ನೆಪವೂ ಉಳಿಯುವುದಿಲ್ಲ. ಎಂಟನೆಯ ದಿನ, ಒಂಬತ್ತನೆಯ ದಿನ ಅವಳು ಹೊಸಿಲಲ್ಲೇ ಕೂತಿದ್ದಳು. ಹತ್ತನೆಯ ಬೆಳಿಗ್ಗೆ ಕೊಡಲಿ ಮಸೆಯುವ ಸದ್ದು ಮತ್ತೆ ಕೇಳಿಸಿತು. ಅವಳು ಎದ್ದಳು.

ಹುಳುಮನೆಯಲ್ಲಿ ಮಂದಾಕಿನಿ, ಪುಟ್ಟಬುದ್ಧಿ ಇಬ್ಬರೇ ಇದ್ದರು. ಹರಕಿವಿಯ ಆ ಉದ್ದನೆಯ ಗುಡುಗು ಕೇಳಿಸಿತು, ಮೆಲ್ಲಗೆ ಶುರುವಾಗಿ, ಏರಿ, ಎರಡು ಸಲ ತಡೆದು ನಿಂತಿತು. ಪರದೆ ಮೇಲೆ ಹೆಸರಿನ ಜಾಗ ಖಾಲಿಯಾಗಿ ಮಿನುಗತೊಡಗಿತು.

ಚಿಕ್ಕತಾಯಮ್ಮ ಪರದೆಯ ಹತ್ತಿರ ಬಗ್ಗಿದಳು. ಹುಟ್ಟಿದಾಗಿನಿಂದ ಅವಳು ಯಾರಿಗೂ ಅನ್ನದ ಮಾತು ಅದು.

"ಹೋಯ್ತೀವಿ," ಎಂದಳು.

'ಹೋಗುತ್ತೇವೆ' ಎಂದು ಪರದೆ ಬರೆದುಕೊಂಡಿತು. ಕೂಡಲೇ ಯಂತ್ರ ಐದು ವರ್ಷದ ಹಳೆಯ ಸದ್ದುಗಳನ್ನೆಲ್ಲ ತಾನಾಗಿ ತಿದ್ದುತ್ತ ಹೋಯಿತು. ಸಾಲು ಸಾಲಾಗಿ ಬರುತ್ತೇವೆಗಳು ಅಳಿಸಿ ಹೋಗುತ್ತೇವೆಗಳಾದವು. ಕೊನೆಗೆ ಬರುತ್ತೇವೆ ಎಂಬ ಹೆಸರಿನ ಎದುರು ಏನೂ ಉಳಿಯಲಿಲ್ಲ.

ಪುಟ್ಟಬುದ್ಧಿ ಕನ್ನಡಕ ಸರಿಮಾಡಿಕೊಂಡು ನೋಡಿದ. "ಅಂದ್ರ... ಈ ಐದೊರ್ಸದಲ್ಲಿ ಅವು ನಮ್ ಕಡೀಕ ಬತ್ತೀವಿ ಅಂತ ಒಂದ್ಸಲನೂ ಅಂದೇ ಇಲ್ವಾ?"

ಆನೆಗಳು ತಮ್ಮನ್ನು ಮಾತಾಡಿಸುತ್ತಿವೆ ಎಂದು ಊರು ಐದು ವರ್ಷ ನಂಬಿ ಹಿಗ್ಗಿತ್ತು. ಅವು ತಮ್ಮ ಪಾಡಿಗೆ ತಾವು, ಇಲ್ಲಿಂದ ಹೊರಡೋಣ ಎಂದು ತಮ್ಮವರಿಗೆ ಹೇಳಿಕೊಂಡಿದ್ದವು.

"ಇನ್ನೊಂದ್ ಸದ್ದೈತ್ರಿ," ಎಂದಳು ಮಂದಾಕಿನಿ ಹಿಂಜರಿಯುತ್ತ. "ಅವತ್ತಿಂದು. ಅತ್ತಿಮರದ ಕಿವಿಯೊಳಗ ಮುಕ್ಕಾಲು ತಾಸು ಐತಿ. ಹಿಂಡೆಲ್ಲಾ ನಿಂತು ಅಂದದ್ದು. ಹಿಂದ ಯಾವತ್ತೂ ಕೇಳಿದ್ದಲ್ಲ. ನೀವ ಹೆಸರ ಹೇಳಿದ್ರ..."

ಅವಳು ಗುಂಡಿ ಒತ್ತಿದಳು. ತುಂಬ ತಗ್ಗಿನ, ಏರದ ಇಳಿಯದ ಒಂದೇ ಸಮನಾದ ಸದ್ದು. ಚಿಕ್ಕತಾಯಮ್ಮ ಕಣ್ಣು ಮುಚ್ಚಲಿಲ್ಲ. ಅದು ಏನು ಎಂದು ಅವಳಿಗೆ ಮೊದಲ ಉಸಿರಿಗೇ ಗೊತ್ತಾಯಿತು. ಹತ್ತು ದಿನದಿಂದ ಅವಳ ಹೊಟ್ಟೆಯೊಳಗೂ ಅದೇ ಸದ್ದಿತ್ತು.

"ಗೊತ್ತಾತೇನ್ರಿ?"

"ಗೊತ್ತಾಯ್ತು. ಹೆಸ್ರಿಕ್ಕಲ್ಲ," ಎಂದಳು ಅವಳು. "ಒಂದ್ ಹೆಸ್ರಿಟ್ಟು ಒಂದ್ ಪ್ರಾಣ ಕಳ್ಕಂಡಿವ್ನಿ. ಇದು ಹಂಗೇ ಇರ್ಲಿ."

ಎದ್ದು ಸೆರಗು ಹೊದ್ದು ಬಾಗಿಲಿಗೆ ಬಂದಳು. ಹೊರಗೆ ಕೊಡಲಿ ಹಿಡಿದು ಕಾಯುತ್ತಿದ್ದವರು ಪುಟ್ಟಬುದ್ಧಿಯ ಕೈಸನ್ನೆ ನೋಡಿ ಕೊಡಲಿ ಕೆಳಗಿಳಿಸಿದರು. ಮರಗಳು ಉಳಿದವು. ಅವಳಿಗೆ ಸಂತೋಷವಾಗಲಿಲ್ಲ, ಆಗಬೇಕಿತ್ತು ಎಂದೂ ಅನ್ನಿಸಲಿಲ್ಲ. ಹೊಸಿಲ ಮೇಲೆ ಒಂದು ಗಳಿಗೆ ನಿಂತಳು. ಒಳಗಿದ್ದ ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಹೋಯ್ತೀನಿ," ಎಂದಳು ಚಿಕ್ಕತಾಯಮ್ಮ.

ಯಂತ್ರವನ್ನು ಯಾರೂ ಆರಿಸಿರಲಿಲ್ಲ. ಅದು ಆ ಮಾತನ್ನೂ ಕೇಳಿಸಿಕೊಂಡು ಬರೆದಿಟ್ಟುಕೊಂಡಿತು. ಈ ಸಲ ಅರ್ಥ ತಪ್ಪಿರಲಿಲ್ಲ.